ಮೈಸಿನ್ ಆಸ್ಪತ್ರೆಯೊಳಗೆ ಬರಲಿಲ್ಲ ಯಾಕೆ?

ಪ್ರಶ್ನೆ: ನಾನು ಬಿಸಿಎ ವಿದ್ಯಾರ್ಥಿನಿ. 1970ರ ದಶಕದ ಮೈಸಿನ್ ಎಂಬ ಪ್ರೋಗ್ರಾಂ ಬ್ಯಾಕ್ಟೀರಿಯಾ ಸೋಂಕಿಗೆ ಡಾಕ್ಟರುಗಳಷ್ಟೇ ಚೆನ್ನಾಗಿ ಔಷಧಿ ಸೂಚಿಸುತ್ತಿತ್ತು ಎಂದು ಪಾಠದಲ್ಲಿ ಓದಿದೆ. ಮತ್ತೆ ಆಸ್ಪತ್ರೆಗಳು ಅದನ್ನು ಬಳಸಲಿಲ್ಲ ಯಾಕೆ? ಅದು ಸೋತಿತು ಎಂದು ಅರ್ಥವೇ?

ಉತ್ತರ: ಇಲ್ಲಮ್ಮ, ಅದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. 1979ರಲ್ಲಿ ಪ್ರಕಟವಾದ ಪರೀಕ್ಷೆಯನ್ನೇ ನೋಡಿ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ) ಆಗಿದ್ದ 10 ರೋಗಿಗಳ ವಿವರ ಕೊಟ್ಟು, ಮೈಸಿನ್ ಮತ್ತು ಡಾಕ್ಟರುಗಳಿಂದ ಚಿಕಿತ್ಸೆ ಬರೆಸಿದರು. ಯಾವುದು ಯಾರದ್ದೆಂದು ಗೊತ್ತಿಲ್ಲದೆ 8 ತಜ್ಞರು ಬೆಲೆ ಕಟ್ಟಿದರು. ಮೈಸಿನ್‌ಗೆ ಸಿಕ್ಕ ಒಪ್ಪಿಗೆ ಶೇ 65. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಐವರು ಪರಿಣತ ಪ್ರಾಧ್ಯಾಪಕರಿಗೆ ಶೇ 42.5ರಿಂದ 62.5.

ಎಡ್ವರ್ಡ್ ಶಾರ್ಟ್‌ಲಿಫ್ ಇದನ್ನು ಸ್ಟ್ಯಾನ್‌ಫರ್ಡ್‌ನಲ್ಲಿ ಕಟ್ಟಿದರು. ಒಳಗಿದ್ದದ್ದು ಸುಮಾರು 500 'ಹೀಗಿದ್ದರೆ ಹೀಗೆ' ನಿಯಮಗಳು. ಬ್ಯಾಕ್ಟೀರಿಯಾ ಗ್ರಾಂ-ನೆಗೆಟಿವ್ (ಗ್ರಾಂ ಪರೀಕ್ಷೆಯಲ್ಲಿ ನೇರಳೆ ಬಣ್ಣ ಉಳಿಸಿಕೊಳ್ಳದ್ದು), ಕಡ್ಡಿಯ ಆಕಾರ, ಆಮ್ಲಜನಕ ಇಲ್ಲದೆ ಬೆಳೆಯುತ್ತದೆ ಎಂದಾದರೆ ಅದು ಬ್ಯಾಕ್ಟೀರಾಯ್ಡಿಸ್ ಎಂಬ ಬಗೆಯದ್ದು ಇರಬಹುದು, ನಂಬಿಕೆ 0.6 (ಪೂರ್ತಿ ಖಚಿತ ಎಂದರೆ 1). ಒಂದು ನಿಯಮ ಅಂದರೆ ಇಷ್ಟೇ. ಆದರೆ ಇವನ್ನು ಡಾಕ್ಟರುಗಳ ಬಾಯಿಂದ ಹೊರಡಿಸುವುದೇ ದೊಡ್ಡ ಕೆಲಸ. ಅನುಭವಸ್ಥರಿಗೆ ಉತ್ತರ ಥಟ್ಟನೆ ಹೊಳೆಯುತ್ತದೆ, ಹೇಗೆ ಹೊಳೆಯಿತು ಎಂದು ಹೇಳಲು ಬರುವುದಿಲ್ಲ, ಅಲ್ವಾ? ಒಂದೊಂದೇ ಕೇಸು ಮುಂದಿಟ್ಟು ಕೇಳಿ ಕೇಳಿ ಬರೆದುಕೊಳ್ಳಬೇಕಿತ್ತು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ಗುಣ. ಮೈಸಿನ್ ಏನಾದರೂ ಕೇಳಿದಾಗ ಡಾಕ್ಟರು 'ಯಾಕೆ?' ಎಂದು ಟೈಪ್ ಮಾಡಬಹುದಿತ್ತು. ಯಾವ ನಿಯಮಕ್ಕಾಗಿ ಆ ಮಾಹಿತಿ ಬೇಕು ಎಂದು ಅದು ತೋರಿಸುತ್ತಿತ್ತು. ಕಾರಣ ಗೊತ್ತಿಲ್ಲದ ಸಲಹೆಯನ್ನು ಯಾವ ಒಳ್ಳೆಯ ಡಾಕ್ಟರೂ ಸುಮ್ನೆ ಒಪ್ಪುವುದಿಲ್ಲ ಎಂದು ಅದನ್ನು ಕಟ್ಟಿದವರಿಗೆ ಗೊತ್ತಿತ್ತು.

ತೊಡಕಾದದ್ದು ಬೇರೆ ಕಡೆ. ಅದು ಓಡುತ್ತಿದ್ದುದು ಹಲವರು ಹಂಚಿಕೊಳ್ಳುವ ದೊಡ್ಡ ಕಂಪ್ಯೂಟರಿನಲ್ಲಿ. ರೋಗಿಯ ವಿವರಗಳನ್ನೆಲ್ಲ ಡಾಕ್ಟರೇ ಕೂತು ಟೈಪ್ ಮಾಡಬೇಕು. ವಾರ್ಡಿನಲ್ಲಿ ಓಡಾಡುವವರಿಗೆ ಅಷ್ಟು ಪುರುಸೊತ್ತು ಎಲ್ಲಿ? ಸಲಹೆ ತಪ್ಪಾದರೆ ಹೊಣೆ ಯಾರದ್ದು ಎಂಬ ಪ್ರಶ್ನೆಯೂ ಇತ್ತು.

ಮುಂದೆ ಆ ನಿಯಮಗಳನ್ನು ತೆಗೆದು, ಉಳಿದ ಚೌಕಟ್ಟಿಗೆ ಇಮೈಸಿನ್ ಎಂದು ಹೆಸರಿಟ್ಟರು. ಅದರೊಳಗೆ ಶ್ವಾಸಕೋಶದ ನಿಯಮ ತುಂಬಿದಾಗ 'ಪಫ್' ಹುಟ್ಟಿತು. ಪಫ್‌ಗೆ ಬೇಕಾದ ಅಂಕಿಗಳು ಉಸಿರಾಟದ ಪರೀಕ್ಷೆಯಿಂದಲೇ ಸಿಗುತ್ತಿದ್ದವು. ಡಾಕ್ಟರು ಕೂತು ಉತ್ತರ ಕೊಡಬೇಕಿರಲಿಲ್ಲ, ವರದಿ ಓದಿ ಸಹಿ ಹಾಕಿದರೆ ಸಾಕಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಅದು ದಿನನಿತ್ಯದ ಬಳಕೆಗೆ ಬಂತು.