ಮಳೆಗಾಲ ಕಳೆದ ಮೇಲೆ ರಾಡು, ರೀಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೀನು ಎಲ್ಲಿ ಸಿಗುತ್ತದೆ ಅಂತ ಯಾರೂ ಕೇಳಿಲ್ಲ. ಬಹುಪಾಲು ಪತ್ರ ಹಾಳಾದ ಗಾಳದ ರಾಡು, ಅದರ ದಾರ ಸುತ್ತುವ ರೀಲು ಬಿಗಿದುಕೊಂಡಿದ್ದರದ್ದೇ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಜೂನ್‌ನಲ್ಲಿ ರಾಡನ್ನು ಅದರ ಚೀಲಕ್ಕೆ ಹಾಕಿ, ಜಿಪ್ ಎಳೆದು ಅಟ್ಟದ ಮೇಲೆ ಇಟ್ಟಿದ್ದೆ. ಅಕ್ಟೋಬರ್‌ನಲ್ಲಿ ತೆಗೆದರೆ ಬೆಂಡಿನ ಹಿಡಿಯ ತುಂಬಾ ಬೂಷ್ಟು. ದಾರ ಹಾದುಹೋಗುವ ರಿಂಗುಗಳ ಬುಡದಲ್ಲಿ ವಾರ್ನಿಷ್ ಗುಳ್ಳೆ ಎದ್ದಿದೆ. ಇಷ್ಟು ಜೋಪಾನ ಮಾಡಿದರೂ ಹೀಗೆ ಯಾಕಾಯಿತು ಸರ್?
— ಹೊಸನಗರದ ಓದುಗರು

ಉತ್ತರ: ನೀವು ಜಿಪ್ ಎಳೆದಿದ್ದೇ ತೊಂದರೆ ಆಗಿದ್ದು. ಕೊನೆಯ ಸಲ ಹೊಳೆಯಿಂದ ಬಂದಾಗ ರಾಡು ಮೇಲ್ನೋಟಕ್ಕೆ ಒಣಗಿದ ಹಾಗೆ ಕಂಡಿರಬೇಕು. ಆದರೆ ಬೆಂಡು ನೀರು ಹಿಡಿದುಕೊಂಡಿರುತ್ತದೆ, ರಿಂಗಿನ ಕಾಲಿಗೆ ಸುತ್ತಿದ ದಾರದ ಸಂದಿಯಲ್ಲೂ ಪಸೆ ಇರುತ್ತದೆ. ಚೀಲ ಮುಚ್ಚಿದರೆ ಅದಕ್ಕೆ ಹೋಗಲು ದಾರಿ ಇಲ್ಲ, ಅಲ್ಲೇ ಕೂತು ವಾರ್ನಿಷ್‌ ಅನ್ನು ಮೇಲೆತ್ತುತ್ತದೆ. ರಿಂಗಿನ ಲೋಹಕ್ಕೆ ತುಕ್ಕು ಹಿಡಿಯುವುದೂ ಹೀಗೇ.

ರಾಡಿನ ಜೊತೆ ಬರುವ ಸೂಚನೆ ಚೀಟಿಯಲ್ಲಿ "ಚೀಲದಲ್ಲಿಡಿ" ಅಂತ ಬರೆದಿರುತ್ತದೆ. ಒಣ ಊರಿಗೆ ಅದು ಸರಿ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಆಗುಂಬೆ ನಮ್ಮ ಜಿಲ್ಲೆಯಲ್ಲೇ ಇದೆ, ಹೊಸನಗರದ ಮಳೆಯನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿ ಮೊದಲು ಒಣಗಿಸಬೇಕು, ಮುಚ್ಚುವ ಮಾತು ಆಮೇಲೆ. ಮಳೆಗಾಲದ ನಾಲ್ಕು ತಿಂಗಳು ಮುಚ್ಚದೇ ಇದ್ದರೂ ಪರವಾಗಿಲ್ಲ.

ನಾನು ಮಾಡುವುದು ಇಷ್ಟು. ಮನೆಗೆ ಬಂದ ಕೂಡಲೇ ರಾಡಿನ ಎರಡೂ ತುಂಡು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಕೆಸರು ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ, ಎರಡು ದಿನ ಫ್ಯಾನ್ ಗಾಳಿ ತಾಗುವ ಕಡೆ ಬಿಡುತ್ತೇನೆ. ಆಮೇಲೆ ಜಂತಿಗೆ ಮೂರು ಕಡೆ ಬಟ್ಟೆಯ ಕುಣಿಕೆ ಕಟ್ಟಿ ಅಡ್ಡಡ್ಡ ತೂಗುಹಾಕುತ್ತೇನೆ. ಗೋಡೆಗೆ ತಾಗಿಸಬೇಡಿ. ಮಣ್ಣಿನ ಗೋಡೆಯಾದರಂತೂ ಆಷಾಢದಲ್ಲಿ ಕೈ ಇಟ್ಟರೆ ತಣ್ಣಗೆ ಒದ್ದೆ ಒದ್ದೆ ಅನ್ನಿಸುತ್ತದೆ, ಅಲ್ವಾ? ಮೂಲೆಗೆ ಓರೆಯಾಗಿ ಒರಗಿಸಿಡುವುದೂ ಬೇಡ, ತಿಂಗಳುಗಟ್ಟಲೆ ಹಾಗೇ ಇದ್ದರೆ ರಾಡು ಬಾಗಿದಲ್ಲೇ ನಿಂತುಬಿಡುತ್ತದೆ. ಬೆಚ್ಚಗಿರುತ್ತದೆ ಅಂತ ಒಲೆಯ ನೇರ ಮೇಲೆ ಕಟ್ಟಬೇಡಿ. ಹೊಗೆಯ ಜಿಡ್ಡು ಕೂರುತ್ತದೆ, ಕಾವು ಅಂಟಿಗೆ ಒಳ್ಳೆಯದಲ್ಲ. ಒಲೆ ಇರುವ ಕೋಣೆಯ ಇನ್ನೊಂದು ತುದಿ ಮಾತ್ರ ಬಹಳ ಒಳ್ಳೆಯ ಜಾಗ.

ಈಗ ಬೂಷ್ಟಿಗೆ: ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಮೆತ್ತಗೆ ಉಜ್ಜಿ ನೆರಳಲ್ಲಿ ಒಣಗಿಸಿ. ಸಣ್ಣ ಗುಳ್ಳೆಗಳನ್ನು ಕೆರೆಯಬೇಡಿ, ಹಾಗೇ ಬಿಡಿ. ದಾರವೇ ಸಡಿಲವಾಗಿದ್ದರೆ ಮಾತ್ರ ಅದನ್ನು ಬಿಚ್ಚಿ ಹೊಸದಾಗಿ ಸುತ್ತಿಸಬೇಕು. ಇನ್ನೊಂದು ಕೆಲಸ ಮರೆಯಬೇಡಿ. ಸ್ವಲ್ಪ ಹತ್ತಿ ತೆಗೆದುಕೊಂಡು ಒಂದೊಂದು ರಿಂಗಿನ ಒಳಗೂ ತಿರುಗಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಒಳಗಿನ ಪಿಂಗಾಣಿ ಬಳೆ ಸೀಳಿದೆ ಅಂತ ಅರ್ಥ. ಅದು ಕಣ್ಣಿಗೆ ಕಾಣುವುದಿಲ್ಲ, ಆದರೆ ಟಂಗೂಸು ದಾರವನ್ನು ಬ್ಲೇಡಿನ ಹಾಗೆ ಕತ್ತರಿಸುತ್ತದೆ. ದೊಡ್ಡ ಮೀನು ದಾರ ಕಿತ್ತುಕೊಂಡು ಹೋಯಿತು ಅಂತ ನಾವು ಹೇಳುವ ಎಷ್ಟೋ ಸಲ ದಾರ ಕತ್ತರಿಸಿದ್ದು ಈ ರಿಂಗು.

ಪ್ರಶ್ನೆ: ಶಿವಮೊಗ್ಗದಿಂದ ಗಾಜನೂರು ಕಡೆಗೆ ಬೈಕಿನಲ್ಲಿ ಹೋಗುತ್ತೇನೆ. ಎರಡು ವರ್ಷದಲ್ಲಿ ಎರಡು ರಾಡಿನ ತುದಿ ಮುರಿದಿದೆ. ಎರಡು ಸಲವೂ ಸಣ್ಣ ಮೀನು ಎಳೆಯುವಾಗಲೇ. ರಾಡೇ ಕಳಪೆಯೇ?
— ವಿನೋಬನಗರದ ಓದುಗರು

ಉತ್ತರ: ರಾಡಿನ ತಪ್ಪಲ್ಲ ಅನ್ನಿಸುತ್ತದೆ. ನಿಮ್ಮದು ಕಾರ್ಬನ್ ರಾಡು ಅಂತ ಬರೆದಿದ್ದೀರಿ. ಕಾರ್ಬನ್ ಹಗುರ, ಬಾಗುವಾಗ ಬಲವಾಗಿಯೇ ಇರುತ್ತದೆ, ಆದರೆ ಪಕ್ಕದಿಂದ ಚೂಪಾದ ಪೆಟ್ಟು ಬಿದ್ದರೆ ತಡೆಯುವುದಿಲ್ಲ. ಬೈಕಿನ ಕಂಬಿಗೆ ದಾರಿಯುದ್ದಕ್ಕೂ ಟಕಟಕ ಬಡಿದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿರುತ್ತದೆ. ಅದು ಆ ದಿನ ಮುರಿಯುವುದಿಲ್ಲ. ಮುಂದೆ ಯಾವಾಗಲೋ ಅಂಗೈ ಅಗಲದ ಮೀನು ಎಳೆದಾಗ ಮುರಿಯುತ್ತದೆ. ಫೈಬರ್ ಗ್ಲಾಸ್ ರಾಡು ತೂಕ ಜಾಸ್ತಿ, ಆದರೆ ಇಂಥ ಪೆಟ್ಟನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ನನ್ನ ಮೊದಲ ಒಳ್ಳೆಯ ರಾಡು ಹೋಗಿದ್ದು ಕಾರಿನ ಬಾಗಿಲಿಗೆ ಸಿಕ್ಕಿ. ಮೇಲಿನ ನಾಲ್ಕು ಇಂಚು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ 75 ಮಿಲಿಮೀಟರ್‌ನ ಪಿವಿಸಿ ಪೈಪು ಕೇಳಿ. ನಿಮ್ಮದು ಏಳು ಅಡಿಯ ಎರಡು ತುಂಡಿನ ರಾಡಾದರೆ ಒಂದು ತುಂಡು ಮೂರೂವರೆ ಅಡಿ ಚಿಲ್ಲರೆ ಬರುತ್ತದೆ, ಪೈಪನ್ನು ಅದಕ್ಕಿಂತ ಮೂರು ಇಂಚು ಉದ್ದ ಕತ್ತರಿಸಿಕೊಳ್ಳಿ. ಒಂದು ಬದಿಗೆ ಮುಚ್ಚಳ ಅಂಟಿಸಿ, ಇನ್ನೊಂದು ಬದಿಯ ಮುಚ್ಚಳ ಬಿಚ್ಚುವ ಹಾಗಿರಲಿ. ಎರಡೂ ತುದಿಗೆ ಸ್ಪಂಜು ತುರುಕಿ. ರೀಲು ಬಿಚ್ಚಿ ಬೇರೆ ಇಡಬೇಕು. ಗಾಳ, ಭಾರದ ಗುಂಡು ಎಲ್ಲ ಕಳಚಿ, ಗಾಳವನ್ನು ರಿಂಗಿಗೆ ಸಿಕ್ಕಿಸಿ ಒಯ್ಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ, ಪಿಂಗಾಣಿ ಬಳೆ ಸೀಳುವುದು ಅದರಿಂದಲೂ. ಎರಡು ತುಂಡನ್ನು ಜೋಡಿಸಿ ಹಳೆ ಪಂಚೆಯ ಪಟ್ಟಿಯಿಂದ ಎರಡು ಕಡೆ ಕಟ್ಟಿ. ತುದಿಯ ತುಂಡು ದಪ್ಪ ತುಂಡಿನ ಮರೆಯಲ್ಲಿರಲಿ. ಪೈಪನ್ನು ಬೈಕಿನ ಉದ್ದಕ್ಕೆ ಕಟ್ಟಿ, ಅಡ್ಡ ಬೇಡ.

ಮನೆಗೆ ಬಂದ ಮೇಲೆ ರಾಡನ್ನು ಪೈಪಿನಲ್ಲೇ ಬಿಡಬೇಡಿ. ಮೇಲಿನ ಉತ್ತರದಲ್ಲಿ ಹೇಳಿದ ಕಾರಣವೇ. ಖಾಲಿ ಪೈಪಿನ ಮುಚ್ಚಳ ಮಾತ್ರ ಹಾಕಿಯೇ ಇಡಿ, ಇಲ್ಲದಿದ್ದರೆ ಕುಂಬಾರ ಹುಳ ಬಂದು ಒಳಗೆ ಮಣ್ಣಿನ ಗೂಡು ಕಟ್ಟಿರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜೋಡಿಸಿದ ರಾಡನ್ನು ಎತ್ತಿಹಿಡಿದು ಗದ್ದೆ ಬದಿಯ ಕರೆಂಟು ತಂತಿಗಳ ಕೆಳಗೆ ಯಾರೂ ನಡೆಯಬೇಡಿ. ಕಾರ್ಬನ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಇದು ಜೀವದ ಪ್ರಶ್ನೆ.

ಪ್ರಶ್ನೆ: ರೀಲಿಗೆ ವರ್ಷವೂ ಕೊಬ್ಬರಿ ಎಣ್ಣೆ ಬಿಡುತ್ತೇನೆ. ಆದರೂ ಚಳಿಗಾಲದ ಬೆಳಿಗ್ಗೆ ತಿರುಗಿಸಲು ಗಟ್ಟಿ. ಮೀನು ಎಳೆದಾಗ ದಾರವನ್ನು ಹಿಡಿತದಲ್ಲಿ ಬಿಡುವ ಡ್ರ್ಯಾಗ್ ಕೂಡ ಒಮ್ಮೆ ಹಿಡಿದು ಒಮ್ಮೆ ಬಿಡುತ್ತದೆ.
— ಕೊಪ್ಪದ ಓದುಗರು

ಉತ್ತರ: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್‌ನಲ್ಲಿ ನಿಮ್ಮನೆ ಎಣ್ಣೆ ಬಾಟಲಿ ಹೇಗಿರುತ್ತದೋ ರೀಲಿನ ಒಳಗೂ ಹಾಗೇ. ಹಳೆಯದನ್ನು ಒರೆಸಿ ತೆಗೆದು ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ, ಹಲ್ಲಿನ ಚಕ್ರಗಳಿಗೆ ತೆಳ್ಳಗೆ ಗ್ರೀಸು ಹಾಕಿ. ಡ್ರ್ಯಾಗಿನ ಬಿಲ್ಲೆಗಳಿಗೆ ಮಾತ್ರ ಈ ಎಣ್ಣೆ ತಾಗಬಾರದು.

ಡ್ರ್ಯಾಗ್ ತಿರುಪನ್ನು ಬಿಗಿ ಮಾಡಿಯೇ ಎತ್ತಿಟ್ಟಿರುತ್ತೀರಿ, ಅಲ್ವಾ? ಬಿಲ್ಲೆಗಳು ತಿಂಗಳುಗಟ್ಟಲೆ ಅದುಮಿಕೊಂಡು ಚಪ್ಪಟೆಯಾಗುತ್ತವೆ, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎತ್ತಿಡುವಾಗ ಪೂರ್ತಿ ಸಡಿಲ ಮಾಡಿ. ತೊಳೆಯುವಾಗ ಮಾತ್ರ ಬಿಗಿ ಇರಲಿ, ಆಗ ಒಳಗೆ ನೀರು ಹೋಗುವುದು ಕಮ್ಮಿ. ನಲ್ಲಿಗೆ ಪೈಪು ಹಾಕಿ ಜೋರಾಗಿ ನೀರು ಬಿಡಬೇಡಿ, ಮರಳು ಒಳಗೇ ಹೋಗುತ್ತದೆ.

ಉಂಬಳಕ್ಕೆ (ಜಿಗಣೆಗೆ) ಅಂತ ಕಾಲಿಗೆ ಉಪ್ಪು ಹಚ್ಚಿಕೊಂಡರೆ ಅದೇ ಕೈಯಲ್ಲಿ ರೀಲು ಮುಟ್ಟಬೇಡಿ. ಉಪ್ಪು ಲೋಹವನ್ನು ತಿನ್ನುತ್ತದೆ. ಡೀಟ್ ಇರುವ ಸೊಳ್ಳೆ ಮುಲಾಮು ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ. ಕೈ ತೊಳೆದುಕೊಂಡು ಮುಟ್ಟಿ.

ಪ್ರಶ್ನೆ: ತಾಳಗುಪ್ಪ–ಮೈಸೂರು ರೈಲಿನಲ್ಲಿ ರಾಡು ಒಯ್ಯಬೇಕು. ಎಲ್ಲಿಡುವುದು?
— ಸಾಗರದ ವಿದ್ಯಾರ್ಥಿನಿ

ಉತ್ತರ: ಪೈಪಿನಲ್ಲಿ ಹಾಕಿ ಕೆಳಗಿನ ಸೀಟಿನ ಅಡಿಗೆ, ಗೋಡೆಯ ಕಡೆಗೆ ತಳ್ಳಿಡಮ್ಮ. ಅದರ ಮುಂದೆ ನಿನ್ನ ಬ್ಯಾಗ್ ಇರಲಿ, ಬೇರೆಯವರ ಟ್ರಂಕು ಬಂದು ಬಡಿಯುವುದಿಲ್ಲ. ರೀಲನ್ನು ಟವೆಲಿನಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಡು. ಇಳಿಯುವಾಗ ಮೊದಲು ಪೈಪು ತೆಗೆದುಕೋ, ಆಮೇಲೆ ಬ್ಯಾಗು.