ಮಾತ್ರೆಯ ಮಾತು ಕೊನೇ ಸಾಲಲ್ಲಿ ಯಾಕೆ?

ಮೂರು ಪುಟದ ಪತ್ರ. ಓದಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿ ತಣ್ಣಗಾಗಿತ್ತು. ದಾವಣಗೆರೆ ಕಡೆಯ ಹುಡುಗಿ, 24 ವರ್ಷ, ಬೆಂಗಳೂರಲ್ಲಿ ಕೆಲಸ. ಮನೆಯವರು ಗಂಡು ಅಂತ ಬೆಳೆಸಿದರು, ತಾನು ಹೆಣ್ಣು ಅಂತ ಅವಳಿಗೆ ಮೊದಲಿಂದಲೂ ಗೊತ್ತು. ಬರುವ ತಿಂಗಳು ಹಾರ್ಮೋನ್ ಚಿಕಿತ್ಸೆಗೆ ಡಾಕ್ಟರನ್ನು ನೋಡಲಿದ್ದಾಳೆ. ಅದು ಶುರುವಾದರೆ ವೀರ್ಯಾಣು ಕಡಿಮೆಯಾಗುತ್ತೆ. ಅಮ್ಮ ಅತ್ತು ಅತ್ತು ಕೊನೆಗೆ ಒಪ್ಪಿದ್ದಾರೆ, ‘ಒಂದು ಕುಡಿ ಮಾತ್ರ ಉಳಿಸು’ ಅಂತಾರಂತೆ. ಸೋದರಮಾವನದು ಇನ್ನೊಂದು ರಾಗ: ‘ಮೊದಲು ಮದುವೆ ಆಗು, ಒಂದು ಮಗು ಆಗಲಿ, ಆಮೇಲೆ ಏನು ಬೇಕಾದರೂ ಆಗು.’ ಮಕ್ಕಳು ಬೇಕೋ ಬೇಡವೋ ಅನ್ನೋದೇ ಇವಳಿಗೆ ಗೊತ್ತಿಲ್ಲ. ವೀರ್ಯ ಫ್ರೀಜ್ ಮಾಡಿಸಲಾ ಅಂತ ಕೇಳಿದ್ದಾಳೆ.

ಮಗಳೇ, ಸಹಿಯ ಮೇಲೆ ಒಂದು ಸಾಲು ಬರೆದಿದ್ದೀಯ. ‘ಅಂದಹಾಗೆ, ಗೆಳತಿ ಹೇಳಿದ ಗರ್ಭನಿರೋಧಕ ಮಾತ್ರೆ ನಾಲ್ಕು ತಿಂಗಳಿಂದ ದಿನಕ್ಕೆ ಎರಡು ನುಂಗ್ತಿದ್ದೀನಿ.’ ಅಂದಹಾಗೆ ಅಂತೆ! ಪತ್ರ ಶುರುವಾಗಬೇಕಿದ್ದದ್ದೇ ಅಲ್ಲಿಂದ. ಆ ಮಾತ್ರೆಯಲ್ಲೂ ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಇದೆ. ಕುಡಿ ಉಳಿಸೋದು ಹೇಗೆ ಅಂತ ಮನೆಯಲ್ಲಿ ಚರ್ಚೆ ನಡೆಯುವಾಗಲೇ ನಿನ್ನ ಮೈ ವೀರ್ಯಾಣು ಮಾಡೋದನ್ನು ಕಡಿಮೆ ಮಾಡುತ್ತಿರಬಹುದು. ಒಂದು ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಬೇಕು. ನೀನು ನಾಲ್ಕು ತಿಂಗಳು ದಾಟಿದ್ದೀಯ. ಅದೂ ಅಲ್ಲದೆ, ಆ ಮಾತ್ರೆಯಲ್ಲಿರೋ ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಜಾಸ್ತಿ. ಹಾರ್ಮೋನ್ ಡಾಕ್ಟರು ಕೊಡೋ ಔಷಧಿ ಬೇರೆ, ರಕ್ತ ಪರೀಕ್ಷೆಯೂ ಜೊತೆಗಿರುತ್ತೆ. ಮೆಡಿಕಲ್ ಶಾಪ್ ಡಾಕ್ಟರಲ್ಲ ಅಂತ ಎಷ್ಟು ಸಲ ಬರೆದೆನೋ ನನಗೇ ಲೆಕ್ಕವಿಲ್ಲ. ಆ ಗೆಳತಿ ಮೇಲೆ ನನಗೆ ಕೋಪವಿಲ್ಲ, ಅವಳಿಗೂ ಯಾರೋ ಹಾಗೇ ಹೇಳಿಕೊಟ್ಟಿರುತ್ತಾರೆ.

ಕೋಪ ಇರೋದು ಮಾವನ ಮೇಲೆ. ಆ ಮದುವೆಗೆ ಹುಡುಗಿ ಎಲ್ಲಿಂದ ಬರಬೇಕು? ಏನೂ ಗೊತ್ತಿಲ್ಲದ ಯಾರದೋ ಮನೆ ಮಗಳನ್ನು ಕರೆತಂದು, ವಂಶದ ಫ್ರೀಜರ್ ಮಾಡಿಕೊಂಡು, ಕೆಲಸ ಮುಗಿದ ಮೇಲೆ ಕೈಬಿಡೋದಾ? ಪತ್ರದಲ್ಲಿ ಅವಳಿಗೆ ಹೆಸರೂ ಇಲ್ಲ. ನನಗೆ ಅವಳದೇ ಚಿಂತೆ.

ಫ್ರೀಜರ್ ನಿಜವಾಗಿಯೂ ಇದೆಯಲ್ಲ, ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿ. ಅದಕ್ಕೆ ತಾಳಿ ಬೇಡ. ಆದರೆ ಅಮ್ಮನಿಗೆ ಸುಳ್ಳು ಆಸೆ ಹುಟ್ಟಿಸಬೇಡ. ವೀರ್ಯ ಇಟ್ಟರೆ ಮೊಮ್ಮಗು ಬಂದಂತೆ ಅಲ್ಲ, ಆ ಮಗುವನ್ನು ಹೊರೋಕೆ ಒಬ್ಬ ಹೆಂಗಸು ಬೇಕು. 2021ರ ಬಾಡಿಗೆ ತಾಯ್ತನ ಕಾನೂನು ಮದುವೆಯಾದ ದಂಪತಿಗೆ, 35ರಿಂದ 45 ವಯಸ್ಸಿನ ವಿಧವೆಗೆ, ವಿಚ್ಛೇದಿತೆಗೆ ಮಾತ್ರ. ನಿನ್ನಂಥವರ ಹೆಸರನ್ನೇ ಅದು ಎತ್ತೋದಿಲ್ಲ. ಕಾನೂನು ಮುಂದೆ ಬದಲಾಗಬಹುದು. ಹೋದ ವೀರ್ಯಾಣು ಮಾತ್ರೆ ನಿಲ್ಲಿಸಿದರೂ ವಾಪಸ್ ಬಂದೇ ಬರುತ್ತೆ ಅನ್ನೋ ಖಾತರಿ ಇಲ್ಲ. ಹಾಗಾಗಿ ಮಕ್ಕಳು ಬೇಕಾ ಅನ್ನೋದನ್ನು ಈಗಲೇ ತೀರ್ಮಾನಿಸಬೇಡ, ಸ್ಯಾಂಪಲ್ ಇಟ್ಟುಬಿಡು.

ಮಾಡಬೇಕಾದ್ದು ಒಂದೇ: ಇವತ್ತೇ ಆ ಮಾತ್ರೆ ನಿಲ್ಲಿಸಿ, ಈ ವಾರವೇ ವೀರ್ಯ ಪರೀಕ್ಷೆ ಮಾಡಿಸು. ಕೌಂಟ್ ಇದ್ದರೆ ಅಲ್ಲೇ ಫ್ರೀಜ್ ಮಾಡಿಸು. ಇಲ್ಲದಿದ್ದರೆ ಚಿಕಿತ್ಸೆ ಶುರು ಮಾಡೋ ಮುಂಚೆ ಎಷ್ಟು ತಿಂಗಳು ಕಾಯಬಹುದು ಅಂತ ಡಾಕ್ಟರ ಹತ್ತಿರ ಮಾತಾಡು. ‘ಜಂಟ್ಸ್’ ಅಂತ ಬೋರ್ಡ್ ಹಾಕಿದ ಆ ಪುಟ್ಟ ರೂಮಿಗೆ ಡಬ್ಬಿ ಹಿಡಿದು ಹೋಗೋದು ನಿನಗೆ ಹಿಂಸೆ ಅಂತ ಗೊತ್ತು. ಮನೆಯಿಂದ ತರಬಹುದಾ ಅಂತ ಮೊದಲೇ ಫೋನ್ ಮಾಡಿ ಕೇಳು. ಹೂಂ ಅಂದರೆ ಡಬ್ಬಿಯನ್ನು ಬಟ್ಟೆಯೊಳಗೆ ಮೈಗೆ ತಾಗಿಸಿ ಇಟ್ಟುಕೋ, ತಣ್ಣಗಾಗಬಾರದು. ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಆಟೋ ಮೊದಲೇ ಹೇಳಿಡು. ಅಮ್ಮ ಜೊತೆಗೆ ಬರ್ತೀನಿ ಅಂದರೆ ಕರ್ಕೊಂಡು ಹೋಗು. ಮಾವ ಬರ್ತೀನಿ ಅಂದರೆ ಆಟೋದಲ್ಲಿ ಜಾಗ ಇಲ್ಲ ಅನ್ನು.