ಮಂಡಿನೋವಿನ ಅಪ್ಪ, ಪುಶ್‌ಚೇರ್‌ನ ಮಗು: ಲೆಸ್ಟರ್ ಹತ್ತಿರ ಎಲ್ಲಿ ನಡೆಯಬಹುದು?

ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಎರಡು ಸಾಲಲ್ಲಿ ಮುಗಿಸೋ ವಿಷಯ ಅಲ್ಲ ಅನ್ನಿಸಿ ಇವತ್ತು ಕೂತು ಬರೀತಿದ್ದೀನಿ. ತುಮಕೂರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅಪ್ಪನಿಗೆ ಮಂಡಿನೋವು, ಮೂರು ವರ್ಷದ ಮಗಳು ಪುಶ್‌ಚೇರ್‌ನಲ್ಲಿ (ಮಗುವನ್ನು ಕೂರಿಸಿ ತಳ್ಳೋ ಗಾಡಿ), ಎಂಟು ವರ್ಷದ ಮಗನಿಗೆ ಓಡೋಕೆ ಜಾಗ ಬೇಕು. ಇಂಗ್ಲೆಂಡಿನ ಲೆಸ್ಟರ್‌ನಿಂದ ಹೊರಟು ಭಾನುವಾರ ಎರಡು ಗಂಟೆ ಕಾಡಲ್ಲಿ ನಡೆದು ಬರೋದು ಎಲ್ಲಿ ಸಾಧ್ಯ ಅಂತ ಕೇಳಿದ್ದೀರಿ. ಈ ಗುಂಪಲ್ಲೇ ಒಬ್ಬರು ಪೀಕ್ ಡಿಸ್ಟ್ರಿಕ್ಟ್ ಅನ್ನೋ ಗುಡ್ಡಗಾಡಿಗೆ ಹೋಗಿ ಅಂದಿದ್ದಾರೆ. ಜಾಗ ತುಂಬ ಚೆನ್ನಾಗಿದೆ, ನಮಗೂ ಇಷ್ಟ. ಆದರೆ ಅಲ್ಲಿನ ಹೆಚ್ಚಿನ ದಾರಿಗಳಲ್ಲಿ ಬೇಲಿ ದಾಟೋಕೆ ಹತ್ತಿ ಇಳಿಯೋ ಮೆಟ್ಟಿಲು, ಉರುಟು ಕಲ್ಲು, ಏರು. ನಿಮ್ಮ ಅಪ್ಪನ ಮಂಡಿಗೆ ಅದು ಬೇಡ.

ನಾನು ಹೇಳೋದು ಇಷ್ಟು: ಮೊದಲು ಗಣಿ ಮುಚ್ಚಿ ಬೆಳೆಸಿದ ಹೊಸ ಕಾಡುಗಳಿಗೆ ಹೋಗಿ. ಹಳೇ ಕಾಡಿನ ದಾರಿ ಕಾಲು ತುಳಿದು ತುಳಿದು ಆದದ್ದು. ಬೇರು, ಗುಂಡಿ, ಕೆಸರು ಎಲ್ಲ ಇರುತ್ತೆ. ಕಲ್ಲಿದ್ದಲು ತೆಗೆದ ನೆಲದಲ್ಲಿ ಹಾಗಲ್ಲ. ಯಂತ್ರ ತಂದು ಮಣ್ಣು ಮತ್ತೆ ತುಂಬಿ, ಇಳಿಜಾರು ಸರಿಮಾಡಿ, ಜಲ್ಲಿಪುಡಿ ಹಾಸಿ ದಾರಿ ಮಾಡಿದ ಮೇಲೆ ಗಿಡ ನೆಟ್ಟಿದ್ದಾರೆ. ಗಾಲಿ ಉರುಳುತ್ತೆ, ಊರುಗೋಲು ಹೂತು ಹೋಗಲ್ಲ. ಹದಿನಾಲ್ಕು ವರ್ಷದಿಂದ ಈ ಕಡೆ ನಡೀತಿದ್ದೀನಿ, ವಯಸ್ಸಾದವರು ಮತ್ತು ಚಿಕ್ಕ ಮಕ್ಕಳು ಜೊತೆಗಿದ್ದ ದಿನ ಇಂಥ ದಾರಿ ಬಿಟ್ಟು ಬೇರೆ ಕಡೆ ಹೋಗಿ ಖುಷಿಯಾಗಿ ವಾಪಸ್ ಬಂದದ್ದು ಕಡಿಮೆ.

ನಿಮ್ಮ ಪುಣ್ಯಕ್ಕೆ ಲೆಸ್ಟರ್‌ನ ಪಶ್ಚಿಮಕ್ಕೇ ನ್ಯಾಷನಲ್ ಫಾರೆಸ್ಟ್ ಇದೆ. ಲೆಸ್ಟರ್‌ಶೈರ್, ಡರ್ಬಿಶೈರ್, ಸ್ಟಾಫರ್ಡ್‌ಶೈರ್ ಮೂರೂ ಕಡೆ ಹರಡಿದ 200 ಚದರ ಮೈಲಿ. ಹೆಸರು ಕೇಳಿ ಒಂದೇ ದೊಡ್ಡ ಕಾಡು ಅಂದುಕೋಬೇಡಿ. ಊರು, ಹೊಲ, ರಸ್ತೆ ನಡುನಡುವೆ ತುಂಡು ತುಂಡು ಕಾಡು. ತೊಂಬತ್ತರ ದಶಕದಲ್ಲಿ ಶುರು ಮಾಡಿದಾಗ ಇಲ್ಲಿ ಮರ ಇದ್ದದ್ದು ಶೇಕಡ 6ರಷ್ಟು ನೆಲದಲ್ಲಿ ಮಾತ್ರ. ಈಗ ಶೇಕಡ 20 ದಾಟಿದೆ, ನೆಟ್ಟ ಗಿಡ 90 ಲಕ್ಷಕ್ಕೂ ಹೆಚ್ಚು. ಈ ಕಾಡಿನ ನಡುವೆ ಇರೋ ಆ್ಯಶ್‌ಬಿ ಊರಿಗೆ ಪ್ರಯಾಣಿಕರ ರೈಲು ಇಲ್ಲ, ಹಾಗಾಗಿ ಕಾರಲ್ಲೇ ಹೋಗಿ.

ಮೊದಲ ಭಾನುವಾರ ಮೊಯ್ರಾ ಕಡೆ ಹೋಗಿ. ಅಲ್ಲಿ ಹಳೇ ರಾಡನ್ ಕಲ್ಲಿದ್ದಲು ಗಣಿಯ ಜಾಗದಲ್ಲಿ ಕಾಂಕರ್ಸ್ ಅಂತ ಮಕ್ಕಳಿಗೆ ಆಡೋ ಕೇಂದ್ರ ಕಟ್ಟಿದ್ದಾರೆ. ಒಳಗೆ ಹೋಗೋಕೆ ಟಿಕೆಟ್ ಬೇಕು. ನಿಮಗೆ ಬೇಕಾದ್ದು ಹೊರಗಿನ ಕಾಲುವೆ ದಾರಿ. ಕಾಲುವೆ ಪಕ್ಕ ಸ್ವಲ್ಪ ನಡೆದರೆ ಮೊಯ್ರಾ ಫರ್ನೇಸ್, 1804ರಲ್ಲಿ ಕಟ್ಟೋಕೆ ಶುರುಮಾಡಿದ ಕಬ್ಬಿಣ ಕರಗಿಸೋ ಕುಲುಮೆ. ಇಟ್ಟಿಗೆಯ ಗೋಪುರ ಇನ್ನೂ ಗಟ್ಟಿಯಾಗಿ ನಿಂತಿದೆ, ಮಗನಿಗೆ ಅದೇ ಕೋಟೆ ಆಗುತ್ತೆ. ಅಲ್ಲಿಂದ ಮುಂದೆ ಡಾನಿಸ್ತಾರ್ಪ್ ಕಾಡಿನವರೆಗೆ ಕಾಲುವೆ ದಂಡೆಯಲ್ಲೇ ನಡೀಬಹುದು. ಕಾಲುವೆ ಪಕ್ಕ ಅಂದಮೇಲೆ ನೆಲ ಮಟ್ಟಸ, ಏರು ಇಲ್ಲ. ಕೆಳಗೆ ಗಣಿ ತೋಡಿ ತೋಡಿ ನೆಲ ಕುಸಿದದ್ದಕ್ಕೆ ಆ್ಯಶ್‌ಬಿ ಕಾಲುವೆಯ ಈ ಮೇಲಿನ ಭಾಗವನ್ನು 1944ರಿಂದ 1966ರೊಳಗೆ ಹಂತ ಹಂತವಾಗಿ ಮುಚ್ಚಿಬಿಟ್ಟಿದ್ದರು. ಈಗ ನೀವು ನೋಡೋ ನೀರು ಮತ್ತೆ ತೋಡಿ ತುಂಬಿಸಿದ್ದು. ಅಪ್ಪನಿಗೆ ಸಾಕು ಅನ್ನಿಸಿದ ಕಡೆ ತಿರುಗಿಬಿಡಿ. ಹೋದ ದಾರಿಯಲ್ಲೇ ವಾಪಸ್ ಬರೋದು ಈ ವಯಸ್ಸಿನವರಿಗೆ ಸುತ್ತುದಾರಿಗಿಂತ ಎಷ್ಟೋ ವಾಸಿ, ಯಾಕೆಂದರೆ ಸುತ್ತುದಾರಿಯ ಅರ್ಧದಲ್ಲಿ ಮಂಡಿ ಹಿಡಿದರೆ ಮುಂದೆಯೂ ಅಷ್ಟೇ, ಹಿಂದೆಯೂ ಅಷ್ಟೇ.

ಡಾನಿಸ್ತಾರ್ಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮಾವನವರು ಕೆಜಿಎಫ್‌ನವರು, ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. 2001ರಲ್ಲಿ ಗಣಿ ಮುಚ್ಚಿದ್ದನ್ನು ಕಣ್ಣಾರೆ ನೋಡಿದವರು. ಹೋದ ವರ್ಷ ಇಲ್ಲಿಗೆ ಬಂದಾಗ ಕರ್ಕೊಂಡು ಹೋದೆ. ಡಾನಿಸ್ತಾರ್ಪ್‌ನಲ್ಲಿದ್ದ ಕಲ್ಲಿದ್ದಲು ಗಣಿ ಮುಚ್ಚಿದ್ದು 1990ರಲ್ಲಿ. ಅವರು ಬರ್ಚ್ ಮರಗಳ ನಡುವೆ ನಿಂತು ಸುತ್ತ ನೋಡಿ, "ಗಣಿ ಎಲ್ಲಮ್ಮಾ?" ಅಂದರು. "ನಾವು ನಿಂತಿರೋದೇ ಅದು ಮಾವಾ" ಅಂದೆ. ನಂಬಲಿಲ್ಲ. ದಾರಿ ಅಂಚಲ್ಲಿ ಬೂಟಿನ ತುದಿಯಿಂದ ಎಲೆ ಸರಿಸಿ, ಒಂದು ಕಪ್ಪು ಕಲ್ಲು ಎತ್ತಿಕೊಂಡರು. ಹೆಬ್ಬೆರಳಲ್ಲಿ ಒತ್ತಿದ್ದೇ ತಡ, ಹಪ್ಪಳದ ಹಾಗೆ ಪದರ ಪದರ ಬಿಟ್ಟುಕೊಂಡಿತು. ಕಲ್ಲಿದ್ದಲ ಜೊತೆ ಮೇಲೆ ಬರೋ ಶೇಲ್ ಕಲ್ಲು. ಅದನ್ನು ಮೂಸಿ ನೋಡಿದರು. ಆಮೇಲೆ ಕೆಜಿಎಫ್‌ನ ಸೈನೈಡ್ ಗುಡ್ಡದ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ) ಮಾತು ಶುರುವಾಯಿತು, ಗಾಳಿಗಾಲದಲ್ಲಿ ಆ ಧೂಳು ಮನೆಯೊಳಗೆ ಬಂದು ಅನ್ನದ ತಟ್ಟೆ ಮೇಲೆ ಕೂರೋದು. ಅಲ್ಲೂ ಹೀಗೆ ಗಿಡ ನಿಲ್ಲಿಸಬಹುದಿತ್ತು ಅಂತ ಅವರು ಎರಡು ಸಲ ಹೇಳಿದರು. ನನಗೂ ಹಾಗೇ ಅನ್ನಿಸುತ್ತೆ.

ಇಂಥ ನೆಲದಲ್ಲಿ ಗಿಡ ನಿಲ್ಲಿಸೋದು ಸುಲಭದ ಮಾತಲ್ಲ. ಭಾರಿ ಯಂತ್ರ ಓಡಾಡಿ ಮಣ್ಣು ಗಟ್ಟಿಯಾಗಿರುತ್ತೆ, ಸಾರ ಇರಲ್ಲ. ಅದಕ್ಕೇ ಇಂಥ ಕಡೆ ಬರ್ಚ್, ಆಲ್ಡರ್ ಥರದ ಗಟ್ಟಿಜೀವದ ಮರ ಹೆಚ್ಚು ನೆಡ್ತಾರೆ. ಆಲ್ಡರ್ ಬೇರಿನ ಗಂಟುಗಳಲ್ಲಿರೋ ಸೂಕ್ಷ್ಮಾಣು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತೆ. ನಮ್ಮ ಸರ್ವೆ ಮರ ಮಾಡೋದೂ ಇದೇ ಕೆಲಸ. ಆಲ್ಡರ್‌ನ ಪುಟ್ಟ ಗಟ್ಟಿ ಕಾಯಿ ನೋಡಿದರೆ ಸರ್ವೆ ಕಾಯಿಯ ನೆನಪಾಗುತ್ತೆ. ಮಾವನವರು ಒಂದು ಹಿಡಿ ಜೇಬಿಗೆ ಹಾಕ್ಕೊಂಡು ಬಂದರು. ನಿಮ್ಮ ಮಗನಿಗೂ ಹುಡುಕೋ ಕೆಲಸ ಕೊಡಿ, ಇನ್ನೂ ಎಷ್ಟು ದೂರ ಅಂತ ಕೇಳೋದು ನಿಲ್ಲುತ್ತೆ.

ಎರಡನೇ ವಾರಕ್ಕೆ ಐಬ್‌ಸ್ಟಾಕ್ ಹತ್ತಿರದ ಸೆನ್ಸ್ ವ್ಯಾಲಿ ಫಾರೆಸ್ಟ್ ಪಾರ್ಕ್. ಇದು ಮೇಲಿಂದಲೇ ಅಗೆದು ಕಲ್ಲಿದ್ದಲು ತೆಗೆದ ಓಪನ್‌ಕಾಸ್ಟ್ ಗಣಿ, 1998ರಲ್ಲಿ ಜನಕ್ಕೆ ತೆರೆದರು. ಕೆರೆಗಳಿವೆ, ಮರೆಯಲ್ಲಿ ಕೂತು ಹಕ್ಕಿ ನೋಡೋಕೆ ಗುಡಿಸಲಿದೆ, ಸ್ಯಾಂಡ್ ಮಾರ್ಟಿನ್ ಹಕ್ಕಿ ಗೂಡು ಮಾಡಲಿ ಅಂತ ತೂತು ಬಿಟ್ಟು ಕಟ್ಟಿದ ಗೋಡೆ ಇದೆ. ಈಗ ಅಕ್ಟೋಬರ್, ಆ ಹಕ್ಕಿಗಳು ಆಫ್ರಿಕಾಕ್ಕೆ ಹೋಗಿಬಿಟ್ಟಿರುತ್ತವೆ, ಬಾತುಗಳು ಸಿಗ್ತವೆ. ಒಂದೇ ಎಚ್ಚರ, ಕಾರ್ ಪಾರ್ಕ್ ಮೇಲಿದೆ, ಕೆರೆಗಳು ಕೆಳಗೆ. ಹೋಗುವಾಗ ಇಳಿಜಾರು ಹಗುರ ಅನ್ನಿಸಿ ಅಪ್ಪ ಉತ್ಸಾಹದಲ್ಲಿ ದೂರ ಹೋಗ್ತಾರೆ, ಸುಸ್ತಾದ ಮೇಲೆ ಏರು ಬರುತ್ತೆ. ಒಂದು ಕೆರೆ ಸುತ್ತಿ ಸಾಕು ಮಾಡಿ. ಹಿಕ್ಸ್ ಲಾಡ್ಜ್ ಕೂಡ ಇದೇ ಥರದ ಗಣಿ ನೆಲ, ಕೆಫೆ ಇದೆ, ಆದರೆ ಅಲ್ಲಿ ಸೈಕಲ್‌ನವರು ಜಾಸ್ತಿ. ಮಗಳು ಇಳಿದು ಓಡೋ ವಯಸ್ಸು, ಹಾಗಾಗಿ ಬೆಳಿಗ್ಗೆ ಬೇಗ ಹೋಗೋದಾದರೆ ಮಾತ್ರ.

ಮನೆಗೆ ಹತ್ತಿರ ಬೇಕು ಅಂದ ದಿನ ವಾಟರ್‌ಮೀಡ್ ಕಂಟ್ರಿ ಪಾರ್ಕ್. ಸೋರ್ ನದಿ ಪಕ್ಕ ಮರಳು ಜಲ್ಲಿ ತೆಗೆದ ಗುಂಡಿಗಳೇ ಈಗ ಕೆರೆ. ಅಂಗೈಯಷ್ಟು ಮಟ್ಟಸ. ದಿಬ್ಬದ ಮೇಲೆ ದೊಡ್ಡ ಮ್ಯಾಮತ್ ಆನೆಯ ಮೂರ್ತಿ ಇದೆ, ಮಕ್ಕಳು ಅದನ್ನು ಬಿಟ್ಟು ಬರಲ್ಲ. ಜೋರು ಮಳೆ ಬಂದ ವಾರ ಮಾತ್ರ ಹೋಗಬೇಡಿ, ನದಿ ಉಕ್ಕಿ ದಾರಿಗೇ ನೀರು ಬರುತ್ತೆ.

ಬ್ರ್ಯಾಡ್‌ಗೇಟ್ ಪಾರ್ಕ್ ಹೊಸ ಕಾಡಲ್ಲ, ಹಳೇ ಜಿಂಕೆವನ. ಆದರೂ ಬಿಡೋಕಾಗಲ್ಲ. ಚಾರ್ಲ್ಸ್ ಬೆನಿಯನ್ ಅನ್ನುವವರು 1928ರಲ್ಲಿ ಕೊಂಡು ಲೆಸ್ಟರ್‌ಶೈರ್ ಜನಕ್ಕೆ ಬಿಟ್ಟುಕೊಟ್ಟ ಜಾಗ. ನ್ಯೂಟೌನ್ ಲಿನ್‌ಫರ್ಡ್ ಗೇಟಿಂದ ಒಳಗೆ ಹೊಳೆ ಪಕ್ಕ ಟಾರು ದಾರಿ ಇದೆ, ಪುಶ್‌ಚೇರ್‌ಗೆ ಹೇಳಿ ಮಾಡಿಸಿದ್ದು. 1553ರಲ್ಲಿ ಒಂಬತ್ತೇ ದಿನ ರಾಣಿಯಾಗಿದ್ದ ಜೇನ್ ಗ್ರೇ ಮನೆಯ ಪಾಳುಗೋಡೆಗಳು ದಾರಿಯಲ್ಲೇ ಸಿಗ್ತವೆ. ಓಲ್ಡ್ ಜಾನ್ ಗೋಪುರ ಮೇಲೆ ಕಾಣುತ್ತೆ, ಕೆಳಗಿಂದಲೇ ಅಪ್ಪನಿಗೆ ತೋರಿಸಿ. ನಿಮ್ಮವರು ಮಗನನ್ನು ಕರ್ಕೊಂಡು ಹತ್ತಲಿ, ನೀವು ಅಮ್ಮನ ಜೊತೆ ಬೆಂಚ್ ಮೇಲೆ ಕೂತ್ಕೊಳ್ಳಿ. ಅಕ್ಟೋಬರ್ ಗಂಡು ಜಿಂಕೆಗಳು ಮದವೇರಿ ಕಾದಾಡೋ ಕಾಲ. ಕೆಂಜಿಂಕೆ ಗಂಡು ಕೂಗಿದರೆ ಎದೆ ನಡುಗುತ್ತೆ. 50 ಮೀಟರ್ ದೂರ ಇರಿ, ಬಿಸ್ಕತ್ತು ಹಾಕಬೇಡಿ, ಫೋಟೋಗೆ ಅಂತ ಮಕ್ಕಳನ್ನು ಹತ್ತಿರ ನಿಲ್ಲಿಸಬೇಡಿ.

ಇನ್ನು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಪಾರ್ಕಿನ ಫಲಕದಲ್ಲಿ ಪುಶ್‌ಚೇರ್‌ಗೆ ಸುಲಭ ಅಂತ ಬರೆದಿತ್ತು. ಅರ್ಧ ಮೈಲಿ ಹೋದಮೇಲೆ ಕಿಸ್ಸಿಂಗ್ ಗೇಟ್, ಒಬ್ಬರು ಮಾತ್ರ ನುಸುಳೋ ಅಂಥದ್ದು. ಮಲಗಿದ್ದ ಮಗುವನ್ನು ಎತ್ತಿ ಅತ್ತೆ ಕೈಗೆ ಕೊಟ್ಟು, ಗಾಡಿ ಮಡಚಿ ಬೇಲಿ ಮೇಲಿಂದ ದಾಟಿಸಿದೆವು. ಮಳೆ ಬೇರೆ. ಅಂದಿನಿಂದ ಹೊರಡೋ ಮುಂಚೆ ದಾರಿಯಲ್ಲಿ ಎಂಥ ಗೇಟಿದೆ, ಶೌಚಾಲಯ ತೆರೆದಿದೆಯಾ, ಬೆಂಚ್ ಎಷ್ಟು ದೂರಕ್ಕೊಂದಿದೆ ಅಂತ ಇಲ್ಲೇ ಗುಂಪಲ್ಲಿ ಕೇಳ್ತೀನಿ. ಈ ಮೂರು ಸರಿಯಿದ್ದರೆ ಅಪ್ಪ ಅಮ್ಮ ಮುಂದಿನ ವಾರವೂ ಬರ್ತಾರೆ. ದೂರ ಎರಡು ಮೈಲಿ ದಾಟಿಸಬೇಡಿ. ಅವರ ನಡಿಗೆಯಲ್ಲಿ ಒಂದು ಮೈಲಿಗೆ ಮುಕ್ಕಾಲು ಗಂಟೆ ಇಟ್ಕೊಳ್ಳಿ.

ಅಮ್ಮನಿಗೆ ಚಪ್ಪಲಿ ಸಾಕು ಅನ್ನಿಸಬಹುದು, ಒಪ್ಪಬೇಡಿ. ಹಿಡಿತ ಇರೋ ಶೂ ಕೊಡಿಸಿ. ಸೀರೆಯೇ ಬೇಕು ಅಂದರೆ ಒಳಗೆ ಥರ್ಮಲ್ ಲೆಗ್ಗಿಂಗ್ಸ್ ಹಾಕಿಸಿ, ಸೆರಗು ಕೋಟಿನೊಳಗೆ ಸಿಕ್ಕಿಸಿ. ಬಿಚ್ಚಿಬಿಟ್ಟ ನಾಯಿಗಳಿಗೆ ನಮ್ಮ ಅತ್ತೆ ತುಂಬ ಹೆದರ್ತಿದ್ದರು. ನಾವು ಮೊದಲೇ ಮಾಲೀಕರಿಗೆ ಕೈ ಬೀಸಿ ಹೇಳಿಬಿಡ್ತೀವಿ, ಅವರು ಬೇಸರ ಮಾಡ್ಕೊಳ್ಳದೆ ಹಗ್ಗ ಹಾಕ್ತಾರೆ. ಬ್ರ್ಯಾಕನ್ ಜರೀಗಿಡದೊಳಗೆ ಮಕ್ಕಳು ನುಗ್ಗಿದ್ದರೆ ಮನೆಗೆ ಬಂದಮೇಲೆ ಮಂಡಿ ಹಿಂಭಾಗ, ಕಂಕುಳು, ಕಿವಿ ಹಿಂದೆ ನೋಡಿ. ಮಲೆನಾಡಲ್ಲಿ ಮಂಗನ ಕಾಯಿಲೆ ತರೋ ಉಣುಗು ಗೊತ್ತಲ್ಲ, ಇಲ್ಲಿ ಅದರದೇ ಬಳಗದ ಉಣುಗು ಲೈಮ್ ಕಾಯಿಲೆ ತರುತ್ತೆ. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೀರಿ. ಆಮೇಲೆ ವಾರಗಳಲ್ಲಿ ಹರಡ್ತಾ ಹೋಗೋ ಕೆಂಪು ವೃತ್ತ ಕಂಡರೆ ಡಾಕ್ಟರ್ ಹತ್ತಿರ ಹೋಗಿ.

ಊಟಕ್ಕೆ ಚಿತ್ರಾನ್ನ, ಒಂದು ಡಬ್ಬ ಕೋಡುಬಳೆ, ಫ್ಲಾಸ್ಕ್‌ನಲ್ಲಿ ಕಾಫಿ. ಮೊಸರನ್ನ ಈ ಚಳಿಗೆ ಬೇಡ. ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಆಮೇಲೆ ಐದಕ್ಕೆ ಮುಂಚೆಯೇ ಹೊತ್ತು ಮುಳುಗುತ್ತೆ. ಹತ್ತೂವರೆಗೆ ಮನೆ ಬಿಡಿ, ಎರಡಕ್ಕೆ ವಾಪಸ್ ಕಾರಲ್ಲಿರಿ. ನಕ್ಷೆ ಇಷ್ಟಪಡುವವರಾದರೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 245 ತಗೊಳ್ಳಿ, ಮೊಯ್ರಾ ಕಡೆಯ ದಾರಿಗಳು ಅದರಲ್ಲಿ ಚೆನ್ನಾಗಿ ಕಾಣ್ತವೆ.

ನಿಮ್ಮ ಪುಶ್‌ಚೇರ್ ಗಾಲಿ ಚಿಕ್ಕ ಪ್ಲಾಸ್ಟಿಕ್ಕಿನದಾ, ಗಾಳಿ ತುಂಬಿಸೋ ದೊಡ್ಡದಾ ತಿಳಿಸಿ. ಚಿಕ್ಕದಾದರೆ ಮೊದಲ ವಾರ ಮೊಯ್ರಾ ಬದಲು ಬ್ರ್ಯಾಡ್‌ಗೇಟ್ ಟಾರು ದಾರಿಗೆ ಹೋಗಿ. ನಮ್ಮ ದೊಡ್ಡ ಗಾಲಿಯ ಗಾಡಿ ಅಟ್ಟದ ಮೇಲಿದೆ, ಮೊಯ್ರಾಗೆ ಹೋಗೋ ವಾರ ಬಂದು ತಗೊಂಡು ಹೋಗಿ.